ಅವಳ ದಾರಿಯ ಬಿಂದುಗಳು

ಅಂಕಿಗಳ ಜೊತೆ ಕೆಲಸ ಮಾಡುವವರ ಮರ್ಯಾದೆ ವಾರಕ್ಕೊಮ್ಮೆಯಾದರೂ ಹೋಗುತ್ತದೆ. ನನ್ನದು ಹೋದದ್ದೆಲ್ಲ ಹೆಂಡತಿ ನಡೆದ ದಾರಿಯ ಮೇಲೆ.

೧

ಬೆಳಗಾವಿಯ ಒಂದು ಸಣ್ಣ ಆಫೀಸಿನಲ್ಲಿ, ಜನ ಓಡಾಡಿದ ದಾರಿಯನ್ನು ನಕ್ಷೆಯ ಮೇಲೆ ತೋರಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಮೊಬೈಲು ನಾವು ನಡೆದ ದಾರಿಯನ್ನು ಬಿಂದುಗಳಾಗಿ ಬರೆದಿಡುತ್ತದೆ. ಒಂದೊಂದು ಬಿಂದುವಿಗೂ ಎರಡು ಅಂಕಿ, ಅಕ್ಷಾಂಶ ಮತ್ತು ರೇಖಾಂಶ. ಅವನ್ನೆಲ್ಲ ಒಂದರ ಹಿಂದೊಂದು ಒಂದೇ ಉದ್ದ ಸಾಲಿನಲ್ಲಿ ನಿಲ್ಲಿಸಿದರೆ ಕಂಪ್ಯೂಟರು ಪರದೆಯ ಮೇಲೆ ಸರ್ರನೆ ಗೆರೆ ಎಳೆಯುತ್ತದೆ. ಆ ಸಾಲಿಗೆ ನಾವು ಅರೇ ಎನ್ನುತ್ತೇವೆ.

ಹೆಂಡತಿ ಖಾನಾಪುರ ತಾಲ್ಲೂಕಿನಲ್ಲಿ, ನಂದಗಡದಾಚೆಯ ಕಾಡಂಚಿನ ಹಳ್ಳಿಯಲ್ಲಿ ಟೀಚರು. ಅಲ್ಲೇ ಬಾಡಿಗೆಗೆ ಖೋಲಿ ಹಿಡಿದಿದ್ದಾಳೆ, ಶನಿವಾರ ಮನೆಗೆ ಬರುತ್ತಾಳೆ. ಪ್ರೋಗ್ರಾಂ ಪರೀಕ್ಷಿಸಲು ನಿಜವಾದ ದಾರಿಯೊಂದು ಬೇಕೆಂದು ಸಾಹೇಬರಿಗೆ ಹೇಳಿ, ಅವಳ ಮೊಬೈಲಿನ ಬಿಂದುಗಳನ್ನು ತರಿಸಿಕೊಂಡೆ. ಅವಳಿಲ್ಲದ ಐದು ದಿನ ಅವಳು ಓಡಾಡುವ ದಾರಿಯನ್ನಾದರೂ ನೋಡಿಕೊಂಡಿರೋಣ ಎಂಬುದು ಒಳಗಿನ ಆಸೆ.

ಮೊದಲ ದಿನವೇ ಅಕ್ಷಾಂಶ ರೇಖಾಂಶ ಅದಲುಬದಲಾಗಿ, ಗೆರೆ ಉತ್ತರ ಧ್ರುವದ ಹತ್ತಿರ ಸಮುದ್ರದಲ್ಲಿ ಮೂಡಿತು. ಸಾಹೇಬರು ಬಗ್ಗಿ ನೋಡಿದರು.

"ಏನ್ರೀ, ನಿಮ್ಮ ಮನಿಯವ್ರು ಬಾಳ ದೂರ ಹೋಗ್ಯಾರಲ್ಲ?"

"ನನಗೂ ಹಂಗ ಅನಸ್ತೈತ್ರಿ ಸರ್," ಎಂದೆ.

೨

ಮುಂದಿನ ಶನಿವಾರ ಅವಳಿಗೇ ಗೆರೆ ತೋರಿಸಿದೆ. ಶಾಲೆಯ ಬಳಿ ಮೊಬೈಲಿನ ದಾಖಲೆ ನಿಲ್ಲಿಸಿದವಳು ಮತ್ತೆ ಶುರು ಮಾಡಿದ್ದು ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲಿ. ಎರಡೂ ದಾರಿಗಳನ್ನು ಒಂದೇ ಸಾಲಿಗೆ ಸೇರಿಸುವಾಗ ನಡುವೆ ಕತ್ತರಿಸಲು ನಾನು ಮರೆತಿದ್ದೆ. ಹಾಗಾಗಿ ಕಾಡು, ಗುಡ್ಡ, ಹೊಳೆ ಯಾವುದನ್ನೂ ಲೆಕ್ಕಿಸದೆ ಶಾಲೆಯಿಂದ ಬಸ್‌ಸ್ಟ್ಯಾಂಡಿಗೆ ಒಂದು ನೆಟ್ಟನೆಯ ಗೆರೆ ಬಿದ್ದಿತ್ತು.

"ತಪ್ಪಾಗೇತಿ, ಅಳಸ್ತೇನಿ," ಎಂದೆ.

"ಇರ್ಲಿ ಬಿಡ್ರಿ. ಈ ರಸ್ತಾ ಖರೇ ಇದ್ದಿದ್ರ ನಾ ದಿನಾ ಊಟಕ್ಕ ಮನಿಗೆ ಬರ್ತಿದ್ದೆ," ಎಂದಳು. ಅಳಿಸಲು ಚಾಚಿದ ಕೈ ಹಿಂದೆಗೆದೆ. ಅವಳು ಮುಂದುವರಿಸಿದಳು: "ಅಡಿಗಿ ಮಾತ್ರ ನೀವ ಮಾಡಿಟ್ಟಿರಬೇಕಾಗ್ತಿತ್ತು."

೩

ಗೆರೆ ನಿಧಾನವಾಗಿ ಮೂಡುತ್ತದೆಂದು ಸಾಹೇಬರ ತಕರಾರು. "ಬ್ಯಾಡಾದ ಬಿಂದು ತಗದ ಒಗೀರಿ," ಎಂದರು. ಹಿಂದಿನ ಬಿಂದುವಿಗೆ ಅಂಟಿಕೊಂಡು ಬಿದ್ದ ಬಿಂದುಗಳನ್ನೆಲ್ಲ ತೆಗೆದುಹಾಕಿದೆ. ಸಾಲು ಅರ್ಧವಾಯಿತು, ಗೆರೆ ಥಟ್ಟನೆ ಮೂಡಿತು, ಸಾಹೇಬರು ಚಹಾ ಕುಡಿಸಿದರು. ಶನಿವಾರ ಹೆಂಡತಿಯ ಮುಂದೆಯೂ ಜಂಬ ಕೊಚ್ಚಿಕೊಂಡೆ.

"ಒಂದ ಜಾಗಾದಾಗ ನೂರಾರು ಬಿಂದು ಬಿದ್ದಿದ್ವು. ದಾರಿಗೆ ಅವುಗಳ ಉಪಯೋಗನ ಇಲ್ಲ."

"ಯಾವ ಜಾಗಾ?"

ಶಾಲೆಯ ಹಿಂದಿನ ದಿನ್ನೆಯನ್ನು ತೋರಿಸಿದೆ. ಅವಳು ಅದರ ಮೇಲೆ ಬೆರಳಿಟ್ಟಳು.

"ಊರಾಗ ನೆಟ್‌ವರ್ಕ್ ಸಿಗೂದು ಆ ದಿನ್ನಿ ಮ್ಯಾಲ ಅಷ್ಟ. ದಿನಾ ಸಂಜಿಕ ಅರ್ಧಾ ತಾಸು ಅಲ್ಲೇ ನಿಂತು ನಿಮಗ ಫೋನ್ ಹಚ್ಚತೇನಿ. ನೀವು ಎತ್ತೂದಿಲ್ಲ."

ಸಂಜೆ ನಾನು ಮೊಬೈಲನ್ನು ಸೈಲೆಂಟಿಗೆ ಹಾಕಿ ಕೂರುತ್ತಿದ್ದದ್ದು ಅವಳ ದಾರಿಯನ್ನು ಬಿಡಿಸುವುದಕ್ಕೇ. ಆಮೇಲೆ ಮಿಸ್ಡ್ ಕಾಲ್ ನೋಡಿ ಹಚ್ಚಿದರೆ ಅವಳು ದಿನ್ನೆ ಇಳಿದಿರುತ್ತಿದ್ದಳು. ವಾರವಿಡೀ ಅವಳ ದನಿಗಾಗಿ ಹಂಬಲಿಸಿ, ದನಿ ಬಂದಾಗ ಕೇಳಿಸಿಕೊಳ್ಳದವನು ನಾನೇ.

ಸೋಮವಾರ ಬಿಂದುಗಳನ್ನೆಲ್ಲ ವಾಪಸ್ ಹಾಕಿದೆ.

"ಮತ್ತ ಯಾಕ ನಿಧಾನ ಆತು?" ಎಂದರು ಸಾಹೇಬರು.

"ನಡುವ ಒಬ್ರು ನಿಂತಾರ್ರಿ ಸರ್," ಎಂದೆ.

ಅವತ್ತು ಸಂಜೆ ಫೋನನ್ನು ಕೈಯಲ್ಲೇ ಹಿಡಿದು ಕೂತೆ. ಮೊದಲ ರಿಂಗಿಗೇ ಎತ್ತಿ "ಹಲೋ" ಎಂದೆ. ಆ ಕಡೆಯಿಂದ ಅವಳು ಬಹಳ ವಿನಯದಿಂದ ಹೇಳಿದಳು:

"ತಪ್ಪ ತಿಳಕೋಬ್ಯಾಡ್ರಿ, ರಾಂಗ್ ನಂಬರ್ ಹತ್ತೇತಿ ಅನಸ್ತೈತಿ. ನಮ್ಮ ಮನಿಯವ್ರು ಫೋನ್ ಎತ್ತೂ ಪೈಕಿ ಅಲ್ಲ."