ಹೋರಿಯ ಗಂಟು, ಮಗಳ ಜಡೆ

ಎರಡು ಜಡೆ ಹಾಕುವುದೇನು ಮಹಾ ಕೆಲಸ! ನಮ್ಮೂರು ಮತ್ತೋಡಿನಲ್ಲಿ ನನ್ನಷ್ಟು ಬಿಗಿಯಾಗಿ ಹಗ್ಗ ಹೊಸೆಯುವವರು ಇಲ್ಲ ಎಂಬುದು ನನ್ನದೇ ಅಭಿಪ್ರಾಯ. ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷದ ಮಗಳು ಚಿನ್ನಿಗೆ ಪಕ್ಕದ ಮನೆಯ ಗಂಗಕ್ಕನೇ ಜಡೆ ಹಾಕುತ್ತಿದ್ದಳು. ಮೊನ್ನೆ ಧರ್ಮಪುರದಿಂದ ಅತ್ತೆ ಫೋನ್ ಮಾಡಿದರು.

“ಗಂಡಸು ಒಬ್ರೇ ಹೆಣ್ಮಗು ಸಾಕಾಕೆ ಆಗಲ್ಲ ಕಣ್ರಿ. ಶನಿವಾರ ಬಂದು ಕರ್ಕಂಡೋಗ್ತೀನಿ.”

ಚಿನ್ನಿ ಇಲ್ಲದ ಮನೆಯಲ್ಲಿ ನಾನೊಬ್ಬನೇ ಇದ್ದು ಏನು ಮಾಡಲಿ? ಅಂದೇ ನಿರ್ಧರಿಸಿದೆ, ಇನ್ನು ಮೇಲೆ ಜಡೆ ನನ್ನದೇ ಇಲಾಖೆ!

ಶುಕ್ರವಾರ ಬೆಳಗ್ಗೆ ಕಾರ್ಯಾರಂಭ. ಹಗ್ಗದ ನಾರಿಗೆ ನೀರು ಚಿಮುಕಿಸುವ ಹಾಗೆ ಕೂದಲಿಗೂ ಚಿಮುಕಿಸಿ, ಮೂರು ಎಳೆ ಮಾಡಿ, ಜಗ್ಗಿ ಹೆಣೆದೆ. ಚಿನ್ನಿಯ ಹುಬ್ಬುಗಳೆರಡೂ ಮೇಲಕ್ಕೆ ಹೋದವು. ರಿಬ್ಬನ್ನಿಗೆ ಹೋರಿ ಕಟ್ಟುವ ಗಂಟು ಹಾಕಿದೆ. ಎಳೆದಷ್ಟೂ ಬಿಗಿಯಾಗುವ ಗಂಟು ಅದು. ನಮ್ಮ ಹೋರಿ ಅಲ್ಲಿಯವರೆಗೆ ಒಮ್ಮೆಯೂ ಬಿಚ್ಚಿಕೊಂಡಿರಲಿಲ್ಲ!

ಶಾಲೆಯಿಂದ ಬಂದವಳು “ಅಪ್ಪಾ, ತಲೆ ಉರಿತೈತೆ” ಎಂದಳು. ಬಿಚ್ಚಲು ಕೂತೆ. ರಿಬ್ಬನ್ ಯಾವುದು, ಕೂದಲು ಯಾವುದು ಎಂದೇ ತಿಳಿಯಲಿಲ್ಲ. ಎಣ್ಣೆ ಸುರಿದೆ. ಗಂಟು ಜಾರಲಿಲ್ಲ, ನನ್ನ ಬೆರಳು ಜಾರಿತು. ಹಲ್ಲು ಹಾಕಿದೆ. ಬಾಯಿತುಂಬ ಎಣ್ಣೆ! ಕೊನೆಗೆ ಕತ್ತರಿ ಹಿಡಿದೆ.

“ಜಡೆ ಕತ್ತರಿಸಿದ್ರೆ ನಾನು ಅಜ್ಜಿ ಜೊತೆ ಹೋಗ್ತೀನಿ!” ಎಂದು ಅತ್ತಳು.

ಕತ್ತರಿ ಕೆಳಗಿಟ್ಟೆ. ಒಂಟಿ ಅಪ್ಪಂದಿರಿಗೆಂದು ನಮ್ಮೂರಲ್ಲಿ ಸಂಘವಿಲ್ಲ, ಇರುವುದು ಮಹಿಳಾ ಸಂಘ. ಅಂಗನವಾಡಿಯಲ್ಲಿ ಅದರ ಸಭೆ ನಡೆಯುತ್ತಿತ್ತು. ಮಗಳನ್ನು ಎತ್ತಿಕೊಂಡು ಒಳಗೆ ನುಗ್ಗಿದೆ. ಅಧ್ಯಕ್ಷೆ ನಮ್ಮ ಗಂಗಕ್ಕನೇ.

“ಏನಪ್ಪ ಇದು, ಮಗೀನ ತಲೇನೋ ಹೋರಿ ಕೊಳ್ಳೋ?”

ಸಭೆ ಬಿದ್ದು ಬಿದ್ದು ನಕ್ಕಿತು.

“ಎಷ್ಟು ಬೇಕಾದ್ರೂ ನಗ್ರಿ. ಆದ್ರೆ ಕಲಿಸ್ಕೊಡ್ರಿ. ನಾಳೆ ಇವಳ ಅಜ್ಜಿ ಬರ್ತಾರೆ. ನಾನು ಇವಳನ್ನ ಕಳ್ಸಲ್ಲ” ಎಂದೆ.

ನಗು ನಿಂತಿತು. ಗಂಗಕ್ಕ ಗೋಣಿ ಹೊಲಿಯುವ ದಬ್ಬಳದಿಂದ ಗಂಟು ಬಿಡಿಸಿದಳು. ಹನ್ನೊಂದು ಮಂದಿ ಸದಸ್ಯೆಯರು ಹನ್ನೊಂದು ಥರ ಪಾಠ ಹೇಳಿದರು. ತುದಿ ಎಳೆದರೆ ಸಲೀಸಾಗಿ ಬಿಚ್ಚುವ ಹೂಗಂಟನ್ನು ಇಪ್ಪತ್ತು ಸಲ ಹಾಕಿಸಿದರು.

ಮರುದಿನ ಅತ್ತೆ ಬಂದಾಗ ಚಿನ್ನಿಯ ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕುತ್ತಿಗೆಯ ಹತ್ತಿರ.

“ಯಾರೇ ಹಾಕಿದ್ದು?”

“ನಮ್ಮಪ್ಪ!”

ಅತ್ತೆ ರಿಬ್ಬನ್ನಿನ ತುದಿ ಎಳೆದು ನೋಡಿದರು. ಒಂದು ಕೂದಲೂ ಜಗ್ಗದೆ ಬಿಚ್ಚಿತು. ಅವರ ಕಣ್ಣು ತುಂಬಿ ಬಂತು. “ನಿಮ್ಮ ಕೈಲಿ ಆಗ್ತೈತೆ ಬಿಡ್ರಿ” ಎಂದರು. ಸಂಜೆ ಬಸ್ಸಿಗೆ ಒಬ್ಬರೇ ಹೋದರು.

ಗೆದ್ದೆ! ಎದೆಯುಬ್ಬಿಸಿಕೊಂಡು ಹಿತ್ತಲಿಗೆ ಹೋದೆ. ಗೂಟವಿತ್ತು, ಹೋರಿ ಇರಲಿಲ್ಲ. ಹೊಸದಾಗಿ ಕಲಿತ ಕೈ ಬೆಳಗ್ಗೆ ಅದಕ್ಕೂ ಚೆಂದದ ಹೂಗಂಟನ್ನೇ ಹಾಕಿತ್ತು!