ಮಾವನವರಿಗೆ ನಾನು ವಿಷ ಹಾಕಿದ್ದು

ಒಂದು ಪತ್ತೇದಾರಿ ಕಾದಂಬರಿಯನ್ನು ಇದ್ದದ್ದು ಇದ್ದಹಾಗೆ ಸಿನಿಮಾ ಮಾಡುವುದು ಏನು ಮಹಾ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಥೆ ಬರೆದೇ ಇದೆ. ಮಾತು ಬರೆದೇ ಇದೆ. ಕೊಲೆ ಮಾಡಿದವರು ಯಾರೆಂದು ಕೊನೆಯ ಪುಟದಲ್ಲಿ ಅಚ್ಚಾಗಿಯೇ ಇದೆ. ಇನ್ನು ಉಳಿದಿರುವುದು ಫೋನನ್ನು ನೆಟ್ಟಗೆ ಹಿಡಿಯುವ ಕೆಲಸ ಮಾತ್ರ!

ನಾನು ನಾಗಮಂಗಲದ ಪ್ರೌಢಶಾಲೆಯೊಂದರಲ್ಲಿ ಗಣಿತದ ಟೀಚರು. ಹನ್ನೆರಡನೇ ವಯಸ್ಸಿನಿಂದ ಪತ್ತೇದಾರಿ ಕಾದಂಬರಿ ಓದುತ್ತಿದ್ದೇನೆ. ಅದರಲ್ಲೂ ಹಳೆಯ ವಿಲಾಯಿತಿ ಕಾದಂಬರಿಗಳೆಂದರೆ ಪ್ರಾಣ. ದೊಡ್ಡ ಬಂಗಲೆ, ಹೊರಗೆ ಹಿಮ, ಒಳಗೆ ಹೆಣ, ಟೋಪಿ ಹಾಕಿಕೊಂಡು ಬರುವ ಪತ್ತೇದಾರ. ಇಷ್ಟಿದ್ದರೆ ಕುಕ್ಕರ್ ಎಂಟು ಸಲ ಕೂಗಿದರೂ ನನಗೆ ಕೇಳಿಸದು.

ನನ್ನ ಅಚ್ಚುಮೆಚ್ಚಿನ ಅಂಥ ಕಾದಂಬರಿಯೊಂದನ್ನು ಯಾರೋ ಪುಣ್ಯಾತ್ಮರು ಎಂಟು ಕಂತಿನ ಧಾರಾವಾಹಿ ಮಾಡಿದರು. ಎರಡು ಭಾನುವಾರ ಕೂತು ಫೋನಿನಲ್ಲಿ ನೋಡಿದೆ. ಕೊನೆಯ ಕಂತಿನಲ್ಲಿ ನೋಡಿದರೆ, ಕೊಲೆಗಾರನನ್ನೇ ಬದಲಾಯಿಸಿಬಿಟ್ಟಿದ್ದಾರೆ! ಪುಸ್ತಕದಲ್ಲಿ ಮುದುಕ ಜಮೀನ್ದಾರನಿಗೆ ಕಾಫಿಯಲ್ಲಿ ವಿಷ ಹಾಕುವವಳು ಅವನ ಸೊಸೆ. ಇಲ್ಲಿ ಡಾಕ್ಟರು! ಸೊಸೆ ಬಲು ಸಾಧು. ಸಾಲದ್ದಕ್ಕೆ ಕೊನೆಯಲ್ಲಿ ಪತ್ತೇದಾರನನ್ನೇ ಮದುವೆಯಾಗುತ್ತಾಳೆ!

ಒಂದು ವಾರ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು ಆಡಿದೆ. ನನ್ನ ಯಜಮಾನರು ಪುಟ್ಟರಾಜು, ಪಶು ಆಸ್ಪತ್ರೆಯಲ್ಲಿ ಕೆಲಸ. ದನಗಳ ಜೊತೆಗಿದ್ದು ತಾಳ್ಮೆ ಕಲಿತವರು. ಏಳನೆಯ ದಿನ ಅವರ ತಾಳ್ಮೆಯೂ ಮುಗಿಯಿತು.

“ಅಷ್ಟೊಂದು ಒಟ್ಟೆ ಉರಿದ್ರೆ ನೀನೇ ಒಂದ್ ತೆಗಿ ಕಣೆ, ಯಾರ್ ಬ್ಯಾಡ ಅಂದೋರು? ನನ್ಗೆ ಮುದ್ದೆ ಉಣ್ಣಾಕೆ ಬುಡು!”

ಅವರು ಮುದ್ದೆಗಾಗಿ ಹೇಳಿದ ಮಾತನ್ನು ನಾನು ಸವಾಲಾಗಿ ಸ್ವೀಕರಿಸಿದೆ. ಮರುವಾರವೇ ಕೆ.ಆರ್. ಪೇಟೆಯಲ್ಲಿ ನಮ್ಮ ಮಹಿಳಾ ಸಂಘದ ಸಭೆ. ಮೈಕು ಹಿಡಿದು ಘೋಷಿಸಿಯೇಬಿಟ್ಟೆ: “ಈ ಸಲದ ವಾರ್ಷಿಕೋತ್ಸವದಲ್ಲಿ ಕೋಲಾಟದ ಬದಲು ಸಿನಿಮಾ. ಪುಸ್ತಕದ ಒಂದಕ್ಷರವೂ ಬದಲಾಗುವುದಿಲ್ಲ!” ಚಪ್ಪಾಳೆ ಬಿತ್ತು. ಇನ್ನು ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ.

ಬಂಗಲೆಯಾಗಿ ಬಿಂಡಿಗನವಿಲೆಯ ನಮ್ಮತ್ತೆ ಮಾವನ ಮನೆಯನ್ನು ಆರಿಸಿದೆ. ಜಮೀನ್ದಾರನ ಪಾತ್ರಕ್ಕೆ ನಮ್ಮ ಮಾವನವರೇ ಸರಿ. ಅತ್ತೆ ಸಾಕಮ್ಮನವರಿಗೆ ವಿಷಯ ಹೇಳಿದ್ದೇ ತಡ, ಕೈಯಲ್ಲಿದ್ದ ಮೊರ ಕೆಳಗಿಟ್ಟರು.

“ಗುಂಡ್ಕಲ್ಲಂಗೆ ಇರೋ ಮನ್ಸನ್ನ ಸಾಯ್ಸೀಯೇನವ್ವ? ಬುಡ್ತು ಅನ್ನು!”

“ಸಿನಿಮಾದಲ್ಲಿ ಅತ್ತೆ, ಸುಮ್ಮನೆ.”

“ಸುಮ್ನೆ ಯಾರಾದ್ರೂ ಸಾಯ್ತಾರಾ?”

ಮಾವನವರು ಮಾತ್ರ ಹಿಗ್ಗಿಹೋದರು. ಹರೆಯದಲ್ಲಿ ನಾಟಕದ ಹುಚ್ಚಿದ್ದ ಮನುಷ್ಯ. “ಎಂಗ್ ಸಾಯ್ಬೇಕು ಯೋಳವ್ವ, ಕೂತ್ಕಂಡಾ, ಬಿದ್ದಾ?” ಎಂದು ಅಂದೇ ಎರಡು ಬಗೆಯಲ್ಲಿ ಸತ್ತು ತೋರಿಸಿದರು. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. ಚಿತ್ರೀಕರಣ ಮುಗಿಯುವವರೆಗೆ ಅವರು ಆ ಕಡೆ ತಲೆ ಹಾಕಲಿಲ್ಲ.

ಕೊಲೆಗಾತಿಯ ಪಾತ್ರಕ್ಕೆ ಪಾಂಡವಪುರದಲ್ಲಿರುವ ನಾದಿನಿ ಭಾಗ್ಯಳನ್ನು ಕೇಳಿದೆ. “ಅಯ್ಯೋ ಅತ್ಗೆ, ನಮ್ಮಾವ್ನೂ ಫೋನ್ ನೋಡ್ತಾರೆ, ಆಮ್ಯಾಕೆ ನಾನ್ ಕೊಟ್ಟಿದ್ದ ಉಣ್ತಾರಾ?” ಎಂದಳು. ಕೇಳಿದ ಹೆಂಗಸರೆಲ್ಲ ಇದನ್ನೇ ಹೇಳಿದರು. ಕೊನೆಗೆ ಆ ಪಾತ್ರವನ್ನು ನಾನೇ ವಹಿಸಿಕೊಂಡೆ. ಸ್ವಂತ ಸೊಸೆ ಸ್ವಂತ ಮಾವನಿಗೆ, ಸ್ವಂತ ಮನೆಯಲ್ಲಿ, ಸ್ವಂತ ಲೋಟದಲ್ಲಿ ವಿಷ ಹಾಕುವುದರಲ್ಲಿ ನನಗೆ ಯಾವ ತೊಡಕೂ ಕಾಣಲಿಲ್ಲ. ಗಣಿತದ ದೃಷ್ಟಿಯಿಂದ ಲೆಕ್ಕ ಸರಿಯಾಗಿತ್ತು! ಡಾಕ್ಟರ ಪಾತ್ರಕ್ಕೆ ಯಾರೂ ಸಿಗಲಿಲ್ಲ, ಕೈಬಿಟ್ಟೆ. ಡಾಕ್ಟರು ಅಕ್ಷರವಲ್ಲ, ಮನುಷ್ಯ. ಆದ್ದರಿಂದ ಕೊಟ್ಟ ಮಾತಿಗೆ ಭಂಗ ಬರಲಿಲ್ಲ.

ಪತ್ತೇದಾರ ನನ್ನ ಯಜಮಾನರು. ಕರಿಕೋಟು, ಕರಿಟೋಪಿ ತೊಡಿಸಿ ಹೆಣದ ಮುಂದೆ ನಿಲ್ಲಿಸಿ, “ಪರೀಕ್ಷೆ ಮಾಡಿ” ಎಂದೆ. ಅವರು ಅಭ್ಯಾಸಬಲದಿಂದ ಮಾವನವರ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಬಾಯಿ ಅಗಲಿಸಿ ಹಲ್ಲು ಎಣಿಸಿದರು. ಆಮೇಲೆ ಹೊಟ್ಟೆಗೆ ಕಿವಿ ಕೊಟ್ಟು, “ಮೆಲುಕು ಆಡ್ತಾ ಇಲ್ಲ ಕಣೆ” ಎಂದರು.

“ಲೇ ಪುಟ್ಟ, ನಾನ್ ನಿಮ್ಮಪ್ಪ ಕಣ್ಲಾ!” ಎಂದಿತು ಹೆಣ.

ನಾನು ಎದೆಗುಂದಲಿಲ್ಲ. ಹದಿನಾರು ಸಲ ತೆಗೆದೆ. ಹದಿನೇಳನೆಯದರಲ್ಲಿ ಹೆಣ ಮಾತಾಡಲಿಲ್ಲ, ನಿಜಕ್ಕೂ ನಿದ್ದೆ ಹೋಗಿತ್ತು.

ಇನ್ನು ಹಿಮ. ಹಿಮದ ಮೇಲೆ ಸೊಸೆಯ ಹೆಜ್ಜೆಗುರುತು ಮೂಡುವುದೇ ಆ ಕಥೆಯ ಮುಖ್ಯ ಸುಳಿವು. ಬಿಂಡಿಗನವಿಲೆಯಲ್ಲಿ ಮಳೆ ಬರುವುದೇ ಹೆಚ್ಚು, ಹಿಮ ಎಲ್ಲಿಂದ ತರಲಿ? “ಕೆಸ್ರಲ್ಲಿ ಎಜ್ಜೆ ಇಟ್ರೆ ಆಗಾಕಿಲ್ವಾ?” ಎಂದರು ಯಜಮಾನರು. ಒಂದಕ್ಷರವೂ ಬದಲಾಗಕೂಡದು! ಮಿಲ್ಲಿನಿಂದ ಒಂದು ಮೂಟೆ ಅಕ್ಕಿಹಿಟ್ಟು ತರಿಸಿ ಅಂಗಳದ ತುಂಬ ಜರಡಿ ಹಿಡಿದೆ. ಅದರ ಮೇಲೆ ನನ್ನ ಎಕ್ಕಡ ಮೆಟ್ಟಿ ನಡೆದೆ. ಕಣ್ಣು ತುಂಬುವ ಹಾಗೆ ಮೂಡಿತು ಹೆಜ್ಜೆಗುರುತು. ಫೋನು ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ಪಕ್ಕದ ಮನೆ ಕಾಳಮ್ಮನ ಇಪ್ಪತ್ತು ಕುರಿಗಳು ಸಾಕ್ಷ್ಯವನ್ನು ನೆಕ್ಕುತ್ತಿದ್ದವು!

“ಕಾಳಮ್ಮ, ನಿಮ್ಮ ಕುರಿ ನೋಡಿ!” ಎಂದು ಕೂಗಿದೆ.

“ನಮ್ ಕುರಿ ಏನ್ ಮಾಡ್ತವೆ ಟೀಚರಮ್ಮ? ನೆಲದ್ ಮ್ಯಾಲೆ ಇಟ್ಟು ಚೆಲ್ಲುದ್ರೆ ತಿನ್ದೆ ಪೂಜೆ ಮಾಡ್ತವಾ?”

ಮರುದಿನ ರಂಗೋಲಿ ಪುಡಿ ಹಾಕಿದೆ. ಕುರಿ ಮೂಸಿ ನೋಡಿ ಹೋದವು. ಗಾಳಿ ಬಂತು. ಪುಡಿಯೆಲ್ಲ ಎದ್ದು ಪತ್ತೇದಾರನ ಕಣ್ಣಿಗೆ ಬಿತ್ತು. ಹಾಗಾಗಿ ನನ್ನ ಚಿತ್ರದ ಪತ್ತೇದಾರ ಅಂಗಳದಲ್ಲಿ ಸುಳಿವು ಹುಡುಕುವಾಗ ಗಳಗಳನೆ ಅಳುತ್ತಾನೆ. ಸತ್ತವನ ಮಗನೂ ಅವನೇ ಆದ್ದರಿಂದ ನೋಡುವವರಿಗೆ ಸಹಜವೆನಿಸಬಹುದು ಎಂದು ಸಮಾಧಾನಪಟ್ಟುಕೊಂಡೆ.

ಅಂತೂ ಚಿತ್ರ ಮುಗಿಯಿತು. ನಲವತ್ತು ನಿಮಿಷ. ಅದರಲ್ಲಿ ಹನ್ನೊಂದು ನಿಮಿಷ ಮಾವನವರು ಸಾಯುವುದೇ.

ವಾರ್ಷಿಕೋತ್ಸವದ ದಿನ ಕೆ.ಆರ್. ಪೇಟೆಯ ಸಭಾಂಗಣ ತುಂಬಿತ್ತು. ಅತ್ತೆಯನ್ನೂ ಬಲವಂತ ಮಾಡಿ ಕರೆತಂದು ಮುಂದಿನ ಸಾಲಿನಲ್ಲಿ ಮಾವನವರ ಪಕ್ಕದಲ್ಲಿ ಕೂರಿಸಿದ್ದೆ. ಯಜಮಾನರು ಅದೇ ಕೋಟು, ಅದೇ ಟೋಪಿಯಲ್ಲಿ ಬಾಗಿಲ ಬಳಿ ನಿಂತು ಅಭಿನಂದನೆ ಸ್ವೀಕರಿಸುತ್ತಿದ್ದರು. ಪರದೆಯ ಮೇಲೆ ನಾನು ಕಾಫಿಗೆ ವಿಷದ ಪುಡಿ ಬೆರೆಸಿ, ಕನ್ನಡಿ ಮುಂದೆ ಹದಿನೈದು ದಿನ ಅಭ್ಯಾಸ ಮಾಡಿದ ನಗೆಯೊಂದನ್ನು ನಕ್ಕು, ಲೋಟವನ್ನು ಮಾವನವರ ಕೈಗಿತ್ತೆ.

ಅತ್ತೆ ಎದ್ದು ನಿಂತರು.

“ಕುಡೀಬ್ಯಾಡಿ ಕಣ್ರೀ! ಇಟ್ಬುಡಿ ಲೋಟವ!”

“ಏ ಕೂತ್ಕಳೆ, ನಾನಿಲ್ಲೇ ಇವ್ನಿ!” ಎಂದು ಮಾವನವರು ಸೆರಗು ಎಳೆದರು.

ಸಭೆಯೇ ಬಿದ್ದು ನಕ್ಕಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನ ಯಾವಳೋ ಪುಣ್ಯಾತ್ಗಿತ್ತಿ, “ಅವ್ಳ್ಗೆ ಮಾವ ಏನ್ ಕಾಟ ಕೊಟ್ಟಿದ್ನೋ ಯಾರ್ ಕಂಡೋರು!” ಎಂದಳು. ಸೊಸೆಯಂದಿರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆಯಂದಿರು ತಿರುಗಿ ಕೂತರು. “ನಿಮ್ಗೂ ಅದೇ ಆಸೆ ಏನ್ರವ್ವ?” ಎಂದು ಒಬ್ಬಾಕೆ ಕೇಳಿದ್ದಕ್ಕೆ ಆಕೆಯ ಸ್ವಂತ ಸೊಸೆಯೇ ಉತ್ತರ ಕೊಟ್ಟಳು. ಪರದೆಯ ಮೇಲೆ ಮಾವನವರು ಸಾಯುತ್ತಲೇ ಇದ್ದರು, ನೋಡುವವರೇ ಇಲ್ಲ!

ಆಗ ನಮ್ಮತ್ತೆಯ ಮುಖ ಕಂಡೆ. ಅವರು ನಗುತ್ತಿರಲಿಲ್ಲ, ಜಗಳಕ್ಕೂ ನಿಂತಿರಲಿಲ್ಲ. ಪರದೆಯ ಮೇಲೆ ಒದ್ದಾಡುವ ಗಂಡನನ್ನು ನೋಡುತ್ತ, ಪಕ್ಕದಲ್ಲಿ ಕೂತ ಗಂಡನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮದುವೆಯಾಗಿ ಬಂದ ಇಪ್ಪತ್ತಾರು ವರ್ಷದಲ್ಲಿ ಅವರು ಅಳುವುದನ್ನು ನಾನು ನೋಡಿರಲಿಲ್ಲ.

ಓಡಿಹೋಗಿ ಚಿತ್ರ ಓಡಿಸುತ್ತಿದ್ದ ಲ್ಯಾಪ್‌ಟಾಪ್ ನಿಲ್ಲಿಸಿದೆ. ಮೈಕು ಹಿಡಿದೆ. ಅಕ್ಷರನಿಷ್ಠೆ, ಶಪಥ ಎಲ್ಲವನ್ನೂ ಗಂಟು ಕಟ್ಟಿ ಕೆಳಗಿಟ್ಟೆ.

“ತಾಯಂದಿರೇ, ಅವಸರ ಪಡಬೇಡಿ. ವಿಷ ಹಾಕಿದ್ದು ಸೊಸೆಯಲ್ಲ! ಅವಳು ಹಾಕಿದ್ದು ಬರೀ ಸಕ್ಕರೆ. ವಿಷ ಹಾಕಿದ್ದು... ಡಾಕ್ಟರು!”

ಜಗಳವಾಡುತ್ತಿದ್ದವರೆಲ್ಲ ನನ್ನ ಕಡೆ ನೋಡಿದರು.

“ಯಾವ್ ಡಾಕ್ಟ್ರು?” ಎಂದು ಯಾರೋ ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಚಿತ್ರದಲ್ಲಿ ಡಾಕ್ಟರೇ ಇರಲಿಲ್ಲ!

“ಅಗೋ, ದನದ್ ಡಾಕ್ಟ್ರು!” ಎಂದಿತು ಇನ್ನೊಂದು ದನಿ. ಇಡೀ ಸಭೆ ಬಾಗಿಲ ಕಡೆ ತಿರುಗಿತು. ಕರಿಕೋಟು ತೊಟ್ಟ ನನ್ನ ಯಜಮಾನರು ಟೋಪಿ ತೆಗೆದು ಹಿಂದೆ ಮುಚ್ಚಿಟ್ಟುಕೊಂಡರು. ಸ್ವಂತ ಅಪ್ಪನಿಗೇ ವಿಷ ಹಾಕಿ, ಅಂಗಳದಲ್ಲಿ ನಿಂತು ಅತ್ತ ಕಪಟಿ! ಈ ತಿರುವು ಅತ್ತೆಯಂದಿರಿಗೂ ಸೊಸೆಯಂದಿರಿಗೂ ಸಮನಾಗಿ ಒಪ್ಪಿಗೆಯಾಯಿತು. ಜಗಳ ನಿಂತಿತು. ಸಂಘದ ಅಧ್ಯಕ್ಷರು, “ಇಂಥ ಅದ್ಭುತ ಕಾಮಿಡಿ ನಮ್ಮ ಸಂಘದಲ್ಲಿ ಇದೇ ಮೊದಲು” ಎಂದು ನನಗೆ ಶಾಲು ಹೊದಿಸಿದರು.

ನಾಗಮಂಗಲದವರೆಗೆ ಬಸ್ಸಿನಲ್ಲಿ ಶಾಲು ಹೊದ್ದು ಒಬ್ಬಳೇ ಕೂತೆ. ಕೊಲೆಗಾರರು ಕಿಟಕಿ ಕಡೆ ಮುಖ ಮಾಡಿದ್ದರು. ಅತ್ತೆ ಇನ್ನೂ ಮಾವನವರ ಕೈ ಬಿಟ್ಟಿರಲಿಲ್ಲ.

ಮುಂದಿನ ಭಾನುವಾರ ಒಬ್ಬಳೇ ಬಿಂಡಿಗನವಿಲೆಗೆ ಹೋದೆ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯತೊಡಗಿದೆ.

“ತಪ್ಪಾಯ್ತು ಅತ್ತೆ” ಎಂದೆ.

ಅವರು ಇನ್ನೊಂದು ಹಿಡಿ ಅವರೆಕಾಯಿಯನ್ನು ನನ್ನ ಕಡೆ ತಳ್ಳಿದರು. ಆಮೇಲೆ ಕೇಳಿದರು: “ಅಂತಾದ್ದು ಏನವ್ವ ಇರ್ತದೆ ಆ ಪುಸ್ತಕದಾಗೆ? ಒಂದ್ ಓದು, ನಾನೂ ಕೇಳ್ತೀನಿ.”

ಬ್ಯಾಗಿನಲ್ಲಿ ಒಂದು ಕಾದಂಬರಿ ಇದ್ದೇ ಇತ್ತು. ಸದ್ಯ, ಅದರಲ್ಲಿ ಸೊಸೆ ಇರಲಿಲ್ಲ. ಇಂಗ್ಲಿಷಿನದನ್ನು ಅಲ್ಲಲ್ಲೇ ಕನ್ನಡಕ್ಕೆ ತಿರುಗಿಸುತ್ತ ಓದಿದೆ. ನಲವತ್ತನೆಯ ಪುಟದ ಹತ್ತಿರ ಬಂದಾಗ ಅತ್ತೆ ಅವರೆಕಾಯಿಯಿಂದ ತಲೆ ಎತ್ತದೆ ಹೇಳಿದರು:

“ಆ ಕೆಮ್ಮೋಳೇ ಕಣವ್ವ ಕೊಂದಿರೋದು.”

ಪುಸ್ತಕವನ್ನು ಹಾಗೇ ತೆರೆದು ಜಗಲಿಯ ಮೇಲಿಟ್ಟೆ. “ನಿಮಗೆ ಹೇಗೆ ಗೊತ್ತಾಯ್ತತ್ತೆ?”

“ಮೂರು ದಿವ್ಸದಿಂದ ಕೆಮ್ಮಿ ಮಲ್ಗಿದ್ದೋಳು ಬೆಳಗ್ಗೆ ಎದ್ದು ತಣ್ಣೀರಲ್ಲಿ ತಲೆ ತೊಳ್ಕಂಡ್ಳು ಅಂದ್ಯಲ್ಲ? ಅವ್ಳ್ಗೆ ಕೆಮ್ಮೂ ಇಲ್ಲ, ಗಿಮ್ಮೂ ಇಲ್ಲ. ಬರೀ ಸುಳ್ಳು.”

ಆ ಕಾದಂಬರಿಯನ್ನು ನಾನು ಮೊದಲು ಓದಿದಾಗ ಕೊನೆಯ ಪುಟದವರೆಗೂ ತೋಟದ ಮಾಲಿಯೇ ಕೊಲೆಗಾರನೆಂದು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಅದೇ ನಲವತ್ತನೆಯ ಪುಟದ ಅಂಚಿನಲ್ಲಿ ಮಾಲಿಯ ವಿರುದ್ಧ ಏಳು ಕಾರಣಗಳನ್ನು ಕ್ರಮಸಂಖ್ಯೆ ಹಾಕಿ ಬರೆದಿದ್ದೆ!

ಅತ್ತೆ ಬಗ್ಗಿ ಪುಟವನ್ನು ನೋಡಿದರು. “ಇಲ್ಲೇನೋ ಸೀಸದಕಡ್ಡೀಲಿ ಬರ್ದಿದ್ದೀಯಲ್ಲ, ಏನವ್ವ ಅದು?”

“ಅಂಗಡಿ ಸಾಮಾನಿನ ಪಟ್ಟಿ ಅತ್ತೆ” ಎಂದೆ.