ಪರದೆಯಲ್ಲಿ ಆಫ್, ಮನೆಯಲ್ಲಿ ಚಳಿ

“ಎಸಿ ಆಫ್ ಉಂಟು ಸ್ವರ್ಣಾ. ನನ್ನ ಮೊಬೈಲಲ್ಲಿ ಸರಿಯಾಗಿ ಕಾಣ್ತಾ ಉಂಟು.”

“ಹಾಗಾದ್ರೆ ನಾನು ಕಂಬಳಿ ಹೊದ್ದು ಕೂತದ್ದು ಎಂತಕ್ಕೆ?”

“ಅದು ನಿನಗೆ ಹಾಗೆ ಅನಿಸ್ತದೆ ಅಷ್ಟೆ.”

“ಮೊಬೈಲಿಗೆ ಶೀತ ಆಗುದಿಲ್ಲ ಮಾರಾಯ್ರೆ, ನನಗೆ ಆಗ್ತದೆ.”

ಕೊಲ್ಲಿ ದೇಶದ ಅಲ್ ಖುವೈರಿನ ಕಚೇರಿಯಲ್ಲಿದ್ದ ಭೋಜರಾಜರಿಗೆ ಇದು ಹೆಂಡತಿಯೊಡನೆ ವಾದಿಸುವ ಹೊತ್ತಲ್ಲ. ಅಲ್ಲಿಗೆ ಹೊಸದಾಗಿ ಬರಲಿರುವ ವಿದ್ಯುತ್ ರೈಲಿಗೆ ಕರೆಂಟು ಕೊಡುವ ಉಪಕೇಂದ್ರಗಳನ್ನು ದೂರದಿಂದಲೇ ನೋಡಿ ನಡೆಸುವ ವ್ಯವಸ್ಥೆ ಒಂದೊಂದು ಕಂಪನಿಯದು ಒಂದೊಂದು ಥರ ಇರಬಾರದು, ಎಲ್ಲಕ್ಕೂ ಒಂದೇ ನಿಯಮ ಇರಬೇಕೆಂದು ಅವರ ಕಚೇರಿ ಕರಡು ಬರೆಯುತ್ತಿತ್ತು. ಒಂದು ಕಲಮು ಮಾತ್ರ ಬಾಕಿ: ಉಪಕೇಂದ್ರದಿಂದ ಸುದ್ದಿ ಬರುವುದೇ ನಿಂತರೆ ಕಂಟ್ರೋಲ್ ರೂಮಿನ ಪರದೆ ಏನು ತೋರಿಸಬೇಕು? ಕೊನೆಯ ಸಲ ಕಂಡದ್ದನ್ನೇ ತೋರಿಸುತ್ತಿರಲಿ, ಕೂತವರು ಗಾಬರಿಯಾಗಬಾರದು ಎಂಬುದು ಭೋಜರಾಜರ ವಾದ. ಅದನ್ನು ನಂಬಿ, ಕರೆಂಟಿಲ್ಲವೆಂದು ಯಾರನ್ನಾದರೂ ಕಂಬ ಹತ್ತಿಸಿದರೆ ಗತಿಯೇನೆಂದು ಮೇಲಧಿಕಾರಿ ಫಾತಿಮಾ ಕೇಳಿದ್ದರು. ಮಧ್ಯಾಹ್ನದ ಊಟದ ಹೊತ್ತಿನೊಳಗೆ ಉತ್ತರ ಕೊಡದಿದ್ದರೆ ಕಲಮನ್ನು ಬೇರೆಯವರಿಂದ ಬರೆಸುವುದಾಗಿಯೂ ಹೇಳಿದ್ದರು. ತಮ್ಮದೊಂದು ಸಾಲಾದರೂ ನಿಯಮವಾಗಲೆಂಬುದು ಭೋಜರಾಜರ ಬಹುಕಾಲದ ಆಸೆ. ಮನೆಯಲ್ಲಂತೂ ಅದು ಕೈಗೂಡಿರಲಿಲ್ಲ.

ಪ್ರಯತ್ನ ಮಾತ್ರ ಬಿಟ್ಟಿರಲಿಲ್ಲ. ಎಸಿಯನ್ನು ಮೊಬೈಲಿಗೆ ಜೋಡಿಸಿ, ಬಿಸಿಲೇರುವ ಹೊತ್ತಿಗೆ ತಾನಾಗಿ ಶುರುವಾಗುವಂತೆ ಎಸಿಯೊಳಗೇ ಟೈಮರ್ ಇಟ್ಟವರು ಅವರೇ. ಕಂಡಕಂಡವರು ಒತ್ತಿದರೆ ಶಿಸ್ತು ಉಳಿಯದೆಂದು ರಿಮೋಟನ್ನು ಕಚೇರಿಯ ಡ್ರಾಯರಿಗೆ ತಂದವರೂ, ಗೋಡೆಯ ಸ್ವಿಚ್ಚಿಗೆ ಅಡ್ಡವಾಗಿ ಕಪಾಟು ನಿಲ್ಲಿಸಿದವರೂ ಅವರೇ.

“ಸರಿ, ಬಾಲ್ಕನಿ ಬಾಗಿಲು ತೆಗೆದಿಡ್ತೇನೆ. ಹೊರಗಿನ ಬೆಂಕಿಯಾದ್ರೂ ಒಳಗೆ ಬರ್ಲಿ.”

“ಬೇಡ ಬೇಡ, ಎಸಿ ಓಡುವಾಗ ಬಾಗಿಲು ತೆಗೀಬಾರ್ದು.”

“ಆಫ್ ಉಂಟಲ್ಲ?”

ಭೋಜರಾಜರು ಮಾತು ಬದಲಿಸಿದರು. ಬೆಳಿಗ್ಗೆಯಿಂದ ಏನಾದರೂ ಮುಟ್ಟಿದ್ದೀಯಾ ಎಂದು ತನಿಖಾಧಿಕಾರಿಯ ದನಿಯಲ್ಲಿ ವಿಚಾರಿಸಿದರು. ಏನೂ ಇಲ್ಲ, ಉದ್ದು ರುಬ್ಬಿದ್ದಷ್ಟೆ ಎಂದಳು ಸ್ವರ್ಣಲತಾ.

“ಗ್ರೈಂಡರಿಗೆ ಪ್ಲಗ್ ಎಲ್ಲಿ ಸಿಕ್ಕಿತು?”

“ಆ ಮಿಣಿಮಿಣಿ ಡಬ್ಬಿ ಉಂಟಲ್ಲ, ವೈಫೈದು, ಅದನ್ನು ತೆಗೆದೆ. ಮತ್ತೆ ಹಾಕ್ಲಿಕ್ಕೆ ಮರ್ತೋಯ್ತು.”

“ಅದಕ್ಕೇ ನೋಡು. ಇದು ಬೆಳಿಗ್ಗೆ ಕಂಡದ್ದನ್ನೇ ತೋರಿಸ್ತಾ ಉಂಟು.”

“ಈಗ ಎಂತ ಆಗ್ತಾ ಉಂಟು ಅಂತ ಅದಕ್ಕೆ ಗೊತ್ತುಂಟಾ?”

“ಇಲ್ಲ.”

“ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ಬೇಕಲ್ಲ? ಆಫ್ ಅಂತ ಎಂತಕ್ಕೆ ಹೇಳುದು? ಇದನ್ನು ನಂಬಿ ನಾನು ವಯರ್ ಮುಟ್ಟಿದ್ರೆ?”

ಭೋಜರಾಜರ ಕಣ್ಣ ಮುಂದೆ ಕಂಬಳಿ ಹೊದ್ದ ಸ್ವರ್ಣಲತಾ ರೈಲಿನ ಕಂಬ ಹತ್ತತೊಡಗಿದಳು. ಮೊದಲು ಆ ಡಬ್ಬಿಯ ಪ್ಲಗ್ ಹಾಕು ಎಂದು ಬೇಡಿಕೊಂಡರು. ಕ್ಷಣದಲ್ಲಿ ಮೊಬೈಲು ‘ಆನ್’ ಎಂದಿತು. ಅವರು ಆಫ್ ಒತ್ತಿದರು. ಅತ್ತಲಿಂದ ನಿಟ್ಟುಸಿರು ಕೇಳಿಸಿತು. ಫೋನಿಟ್ಟು, ಬರೆದದ್ದನ್ನೆಲ್ಲ ಅಳಿಸಿ ಹೊಸ ಸಾಲು ಬರೆದರು.

ಫಾತಿಮಾ ಓದಿ ಒಪ್ಪಿದರು. ಅಷ್ಟು ಜಗಳವಾಡಿದವರು ಹೇಗೆ ಬದಲಾದಿರಿ ಎಂದೂ ಕೇಳಿದರು. ಭೋಜರಾಜರು ಗಂಭೀರವಾಗಿ, ಸ್ಥಳದಿಂದ ವರದಿ ಬಂತು ಎಂದರು. ಆಮೇಲೆ ತಡೆಯಲಾರದೆ ಮನೆಗೆ ಫೋನು ಮಾಡಿದರು.

“ನನ್ನ ಕಲಮು ಪಾಸಾಯ್ತು ಸ್ವರ್ಣಾ. ಕೇಳು: ಸುದ್ದಿ ಬಾರದಿದ್ದಲ್ಲಿ, ‘ಗೊತ್ತಿಲ್ಲ’ ಎಂದೇ ತೋರಿಸತಕ್ಕದ್ದು.”



“ನಿಮ್ಮಿಂದ ಆ ಒಂದು ಮಾತು ಹೊರಡ್ಲಿಕ್ಕೆ, ಈ ಮರಳುಗಾಡಿಗೆ ರೈಲೇ ಬರ್ಬೇಕಾಯ್ತು ನೋಡಿ.”